ಹುಸೇನಬೀ ಕೈಯಿಟ್ಟ ಕೂಸು

ಹುಸೇನಬೀ ದವಾಖಾನೆಯ ಪಡಸಾಲೆಗೆ ಬಂದಳೆಂದರೆ ತಾಯಂದಿರು ಸೆರಗಿನ ಒಳಗೇ ತಮ್ಮ ಕೂಸುಗಳನ್ನು ಚಿವುಟುತ್ತಿದ್ದರು. ಆಕೆ ಒಂದು ತುದಿಯಿಂದ ನಡೆಯಲು ಶುರುಮಾಡಿದರೆ ಆ ತುದಿಯ ಕೂಸುಗಳು ಅಳತೊಡಗುತ್ತಿದ್ದವು. ಆಕೆ ಮುಂದೆ ಬಂದಂತೆ ಅಳುವೂ ಮುಂದೆ ಬರುತ್ತಿತ್ತು. ನಮ್ಮ ಮನೆಯ ಬಾಗಿಲಲ್ಲಿ ನಿಂತು ಕೇಳಿದರೆ, ಆಕೆ ಎಲ್ಲಿಯವರೆಗೆ ಬಂದಿದ್ದಾಳೆಂದು ನೋಡದೆಯೇ ತಿಳಿಯುತ್ತಿತ್ತು.

ನಮ್ಮ ಮನೆ ಆ ದವಾಖಾನೆಯ ಹಿತ್ತಲಲ್ಲೇ ಇತ್ತು. ಲಿಂಗಸುಗೂರಿನ ದಂಡಿನ ಛಾವಣಿಯ ಕಡೆ, ಪಲ್ಟನ್ ಬಿಟ್ಟುಹೋದ ಒಂದು ಹಳೇ ಬಂಗಲೆಯಲ್ಲಿ ಹತ್ತಿ ಸಾವಕಾರರೊಬ್ಬರು ಅದನ್ನು ಧರ್ಮಕ್ಕೆಂದು ನಡೆಸುತ್ತಿದ್ದರು. ಹೈದರಾಬಾದಿನಿಂದ ಬಂದ ಡಾಕ್ಟರ್ ಸಾಹೇಬರು ಒಬ್ಬರೇ. ಅಪ್ಪ ಕಂಪೌಂಡರ್. ಹುಸೇನಬೀ ಆಯಾ. ಅಪ್ಪ ನನಗೆ ಓದು ಬರಹ ಕಲಿಸಿದ್ದರಿಂದ ನನಗೆ ದಿನಚರಿ ಬರೆಯುವ ಚಟ ಹತ್ತಿತ್ತು. ಮನೆಯ ತಿಥಿ, ದವಾಖಾನೆಯಲ್ಲಿ ಹಾಕುವ ಸರಕಾರಿ ಫಸಲಿ ತಾರೀಖು, ಬಿದ್ದ ಮಳೆ, ಬಂದ ಗಾಡಿ, ಎಲ್ಲವನ್ನೂ ಬರೆಯುತ್ತಿದ್ದೆ. ಹುಸೇನಬೀ ಇಲ್ಲದ ಪುಟ ಅದರಲ್ಲಿ ಕಡಿಮೆ.

ಎತ್ತರದ ಹೆಂಗಸು. ಕತ್ತು ಸದಾ ಒಂದು ಬದಿಗೆ ಸ್ವಲ್ಪ ವಾಲಿರುತ್ತಿತ್ತು. ಮೈಗೆ ಫಿನಾಯಿಲಿನ ವಾಸನೆ, ಬಾಯಿಗೆ ತಂಬಾಕಿನ ವಾಸನೆ. ಕೈಗಳು ಗಂಡಸರ ಕೈಗಳಷ್ಟು ದೊಡ್ಡವು. ಕೂಸನ್ನು ಮುಟ್ಟುವ ಮೊದಲು ಆ ಕೈಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಕಾಯುವ ಕೂಸುಗಳಲ್ಲಿ ಯಾವುದನ್ನು ಮೊದಲು ಡಾಕ್ಟರ ಹತ್ತಿರ ಒಯ್ಯಬೇಕೆಂದು ಆರಿಸುವುದು ಆಕೆಯ ಕೆಲಸ. ಮುಂಜಾನೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಅಳುವ ಕೂಸುಗಳ ಮುಂದೆ ನಿಲ್ಲುತ್ತಲೇ ಇರಲಿಲ್ಲ.

"ಅಳಾಕ ತಾಕತ್ತು ಬೇಕವ್ವ," ಎನ್ನುತ್ತಿದ್ದಳು. "ಅಳೋದು ಕುಂದರಲಿ. ಸುಮ್ಮನಿರೋದು ಯಾವುದೈತಿ, ಅದನ್ನ ತೋರಸ್ರಿ."

ಇದನ್ನು ಕೇಳಿ ಸಿಟ್ಟಾಗುವವರೂ ಇದ್ದರು. ಒಮ್ಮೆ ಹತ್ತಿರದ ಹಳ್ಳಿಯ ಗೌಡರ ಹೆಂಡತಿ ಮೊಮ್ಮಗನನ್ನು ಎತ್ತಿಕೊಂಡು ಎದ್ದೇ ನಿಂತಳು.

"ಏನ್ ಬೇ ಹುಸೇನಬೀ, ನನ್ನ ಮೊಮ್ಮಗ ಗಂಟಲ ಹರಕೊಳ್ಳಾಕತ್ತಾನ. ನಿನಗ ಕಿವಿ ಕೇಳಂಗಿಲ್ಲೇನು?"

"ಕೇಳತೈತಿ ಗೌಡತಿ. ಊರಿಗೆಲ್ಲಾ ಕೇಳತೈತಿ. ಹಿಂಗ ಒದರೋ ಹುಡುಗ ನಾಳೆ ತಹಸೀಲ್ದಾರ ಆಗತಾನ, ಬರದಿಟಗೋರಿ. ಇಲ್ಲೊಂದು ಕೂಸು ಉಸರು ಮರತೈತಿ. ಅದಕ್ಕ ತುಸು ನೆಪ್ಪು ಮಾಡಿಕೊಟ್ಟು ಬರತೀನಿ."

ಗೌಡತಿ ಕೂತಳು. ಪಡಸಾಲೆ ನಕ್ಕಿತು. ಆ ದಿನಗಳಲ್ಲಿ ಇನ್ನೂ ನಗುತ್ತಿದ್ದರು.

ಈ ಪದ್ಧತಿಯನ್ನು ಹೇಳಿಕೊಟ್ಟವರು ಡಾಕ್ಟರ್ ಸಾಹೇಬರೇ ಎಂದು ಅಪ್ಪ ಹೇಳುತ್ತಿದ್ದ. ನಾನು ಹುಸೇನಬೀಯನ್ನೇ ಒಮ್ಮೆ ಕೇಳಿದೆ. ಆಕೆ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಪಟ್ಟಿ ಸುತ್ತುತ್ತಿದ್ದಳು.

"ಡಾಕ್ಟರ ಮಿಯಾ ಹೇಳಿದ್ದು ಖರೇ," ಎಂದಳು. "ಆದ್ರ ನನಗ ಮೊದಲ ಗೊತ್ತಿತ್ತು. ನನ್ನ ಮೂರನೇದು ರಾತ್ರಿಪೂರಾ ಅತ್ತು ಮುಂಜಾನೆ ಸುಮ್ಮನಾತು. ಮಲಗಿತು ಅಂತ ನಾ ರೊಟ್ಟಿ ಬಡಿಯಾಕ ಹೋದೆ." ಸುತ್ತಿದ ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದು, "ರೊಟ್ಟಿ ಛಲೋ ಆಗಿದ್ವು," ಎಂದಳು.

ಆಕೆಯ ಬಗ್ಗೆ ಊರಲ್ಲಿ ಇನ್ನೊಂದು ಮಾತು ಯಾವಾಗ ಹುಟ್ಟಿತೋ ನನಗೆ ತಿಳಿಯದು. ಅದು ಲಡಾಯಿಯ ಕಾಲ. ಔಷಧ ಸರಿಯಾಗಿ ಬರುತ್ತಿರಲಿಲ್ಲ. ಹಳ್ಳಿಯವರು ಹೊಟ್ಟೆಗೆ ಬರೆ ಹಾಕಿಸಿ, ತಾಯಿತ ಕಟ್ಟಿಸಿ, ಅದು ಯಾವುದೂ ನಾಟದ ಮೇಲೆ ಗಾಡಿ ಕಟ್ಟುತ್ತಿದ್ದರು. ಹುಸೇನಬೀ ಆರಿಸಿ ಒಯ್ದ ಕೂಸುಗಳಲ್ಲಿ ಬಹಳಷ್ಟು ಬಟ್ಟೆಯಲ್ಲಿ ಸುತ್ತಿದ ಹೆಣವಾಗಿಯೇ ಹೊರಗೆ ಬರುತ್ತಿದ್ದವು. ಅಳುತ್ತ ಕೂತವು ಔಷಧ ಕುಡಿದು ಮನೆಗೆ ಹೋಗುತ್ತಿದ್ದವು. ಹೆಂಗಸರ ಕಣ್ಣಿಗೆ ಬಿದ್ದದ್ದು ಇಷ್ಟೇ. ಹುಸೇನಬೀ ಕೈಯಿಟ್ಟ ಕೂಸು ಉಳಿಯುವುದಿಲ್ಲ ಎಂಬ ಮಾತು ಸಿಂಧನೂರಿನವರೆಗೆ ಹೋಯಿತು. ಹಿಂದೂಗಳೂ ಅಂದರು, ಆಕೆಯ ಓಣಿಯ ಮುಸಲ್ಮಾನ ಹೆಂಗಸರೂ ಅಂದರು.

ಅದು ಸುಳ್ಳೆಂದು ತೋರಿಸುವ ಹಟ ನನಗೆ. ಒಂದು ಮಳೆಗಾಲವಿಡೀ ಗೀಟು ಎಳೆದೆ: ಆಕೆ ಮುಟ್ಟಿದ ಕೂಸುಗಳು ಒಂದು ಕಡೆ, ಮುಟ್ಟದವು ಇನ್ನೊಂದು ಕಡೆ. ದೀಪಾವಳಿಗೆ ಕೂಡಿಸಿ ನೋಡಿದರೆ ಹೆಂಗಸರ ಮಾತೇ ಸರಿಯಾಗಿತ್ತು. ಮುಟ್ಟಿದ ಕೂಸುಗಳೇ ಹೆಚ್ಚು ಸತ್ತಿದ್ದವು. ಪುಟವನ್ನು ಅಪ್ಪನಿಗೆ ತೋರಿಸಿದೆ. ಆತ ಎರಡೂ ಕಡೆಯ ಗೀಟುಗಳನ್ನು ಬೆರಳಿಟ್ಟು ಎಣಿಸಿದ.

"ಲೆಕ್ಕ ಬರೋಬರಿ ಐತಿ," ಎಂದ. "ಸಾಯಾಕತ್ತಿದ್ದವನ್ನ ಆಕಿ ಮುಟ್ಟತಾಳ. ಮುಟ್ಟಿದ್ದಕ್ಕ ಸಾಯತಾವ ಅಂತ ಇವರು ಓದಿಕೊಂತಾರ. ಇದನ್ನ ಯಾರ ಮುಂದೂ ಬಿಚ್ಚಬ್ಯಾಡ."

ಚಿವುಟುವುದು ಆಗಲೇ ಶುರುವಾಗಿತ್ತು. ನಮಗೆ ಗೊತ್ತಿರಲಿಲ್ಲ. ಸುಮ್ಮನಿದ್ದ ಕೂಸನ್ನು ಆಕೆ ಆರಿಸುತ್ತಾಳೆ, ಆದ್ದರಿಂದ ಆಕೆ ಹತ್ತಿರ ಬಂದಾಗ ಕೂಸು ಅಳಬೇಕು. ಬಿಸಿಲುಗಾಲದ ಒಂದು ಮುಂಜಾನೆ ಒಬ್ಬ ಮುದುಕಿಯ ತೊಡೆಯ ಮೇಲಿದ್ದ ಕೂಸು ಸಣ್ಣದಾಗಿ ಕಿರುಗುಟ್ಟಿತು. ಹುಸೇನಬೀ ಕತ್ತು ವಾಲಿಸಿ ಕೇಳಿ, ಮುಂದೆ ಹೋದಳು. ಬಿಸಿಲು ಪಡಸಾಲೆಯ ಒಳಗೆ ಬರುವ ಹೊತ್ತಿಗೆ ಆ ಕೂಸು ಅಲ್ಲೇ ತೀರಿಹೋಗಿತ್ತು. ಮೈ ತೊಳೆಯಲು ಬಟ್ಟೆ ಬಿಚ್ಚಿದಾಗ ತೊಡೆಯ ಮೇಲೆ ಉಗುರಿನ ಗುರುತುಗಳು ಕಂಡವು. ಒಂದರ ಪಕ್ಕ ಒಂದು, ಕೆಲವು ಹೊಸವು, ಕೆಲವು ಆಗಲೇ ಕಪ್ಪಾದವು.

ಹುಸೇನಬೀ ಮುದುಕಿಯನ್ನು ಬೈಯಲಿಲ್ಲ. ಆ ಗುರುತುಗಳ ಮೇಲೆ ಬೆರಳಾಡಿಸುತ್ತ, "ನಾ ಬರೋದು ಇವರಿಗೆ ಹಿಂಗ ಕಾಣತೈತೇನು?" ಎಂದಳು.

ಮರುದಿನದಿಂದ ಆಕೆ ಸಾಲಿನಲ್ಲಿ ಕೂತುಬಿಟ್ಟಳು. ಅಳುವುದು, ಅಳದಿರುವುದು ನೋಡದೆ ಪ್ರತಿ ಕೂಸನ್ನೂ ತೊಡೆಯ ಮೇಲೆ ಎತ್ತಿಕೊಂಡು, ಬಟ್ಟೆ ಸರಿಸಿ, ಎದೆಯ ಮೇಲೆ ಕೈಯಿಟ್ಟು ನೋಡಿ ಮುಂದಿನದಕ್ಕೆ ಸರಿಯತೊಡಗಿದಳು. "ಎಲ್ಲಾ ಕೂಸೂ ಮುಟ್ಟತೀನಿ," ಎಂದಳು ಅಪ್ಪನಿಗೆ. "ಹೆದರೋದಾದ್ರ ಎಲ್ಲಾರೂ ಹೆದರ್ಲಿ. ಆಮ್ಯಾಲ ಯಾರಿಗೂ ಹೆದರಿಕಿ ಇರಂಗಿಲ್ಲ."

ಆದದ್ದು ಬೇರೆ. ಗಾಡಿಗಳು ಬರುವುದೇ ನಿಂತಿತು. ಬರೆ ಹಾಕುವವನ ಮನೆಯ ಮುಂದೆ ಗಾಡಿಗಳು ನಿಂತಿರುವುದನ್ನು ಅಪ್ಪ ಕಣ್ಣಾರೆ ಕಂಡುಬಂದ. ಪಡಸಾಲೆಯಲ್ಲಿ ಬೆಕ್ಕು ಮಲಗುತ್ತಿತ್ತು. ಕೊನೆಗೆ ಸಾವಕಾರರ ಮುನೀಮ ಬಂದ. ಹುಸೇನಬೀ ಇನ್ನು ಮೇಲೆ ಒಳಗಿನ ಕೋಣೆಯಲ್ಲಿ ಸೀಸೆ ಕುದಿಸಬೇಕು, ಹೊರಗೆ ಕಾಣಿಸಬಾರದು ಎಂದು ಗೊತ್ತುಮಾಡಿದ. ಬಾಗಿಲಿಗೆ ಖಾಕಿ ಪರದೆ ಬಿತ್ತು. ಬಂದವರಿಗೆಲ್ಲ ಬಂದ ಸರತಿಯಂತೆ ತಗಡಿನ ಬಿಲ್ಲೆ ಕೊಡಲು ಒಬ್ಬ ಆಳು ಬಂದ. ದವಾಖಾನೆಯವರ ಮನೆಮಂದಿ ಮೊದಲು ಹೋಗುತ್ತಾರೆಂಬ ದೂರೂ ಇದ್ದದ್ದರಿಂದ ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಗಾಡಿಗಳು ಮತ್ತೆ ಬಂದವು.

ಪರದೆಯ ಹಿಂದೆ ಹುಸೇನಬೀ ಹೇಗಿರುತ್ತಿದ್ದಳೆಂದು ಅಪ್ಪ ಊಟಕ್ಕೆ ಕೂತಾಗ ಹೇಳುತ್ತಿದ್ದ. ನಡುನಡುವೆ ಸೀಸೆ ಕೆಳಗಿಟ್ಟು ನಿಂತುಬಿಡುತ್ತಾಳಂತೆ. "ಅಲ್ಲೊಂದು ಸುಮ್ಮನಾತು, ಕೇಳ್ರಿ," ಎನ್ನುತ್ತಾಳಂತೆ. ಅಪ್ಪ ಹೋಗಿ ನೋಡಿದರೆ ಒಮ್ಮೊಮ್ಮೆ ಕೂಸು ಮೊಲೆ ಕುಡಿಯುತ್ತಿರುತ್ತಿತ್ತು. ಒಮ್ಮೊಮ್ಮೆ ಇಲ್ಲ.

ಮದುವೆಯಾಗಿ ಸಿಂಧನೂರಿಗೆ ಹೋದ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಗಂಡು ಹುಟ್ಟಿತು. ಅವ್ವ ಬಾಗಿಲಲ್ಲೇ ಹುಸೇನಬೀಯನ್ನು ತಡೆದು, "ದೂರಿಂದ ಮಾತಾಡಿ ಹೋಗವ್ವ, ತಪ್ಪು ತಿಳಕೋಬ್ಯಾಡ," ಎಂದಳು. ಹುಸೇನಬೀ ಹೊಸ್ತಿಲ ಆಚೆಯೇ ನಿಂತು, "ಮೊಲಿ ಕುಡಿತೈತೇನು?" ಎಂದು ಕೇಳುತ್ತಿದ್ದಳು. ಹೌದು ಎಂದರೆ ತಿರುಗಿ ಹೋಗುತ್ತಿದ್ದಳು. ದಿನಾ ಬಂದಳು, ದಿನಾ ಅದೊಂದೇ ಕೇಳಿದಳು.

ತೊಟ್ಟಿಲಿಗೆ ಹಾಕುವ ಮೊದಲೇ ಒಂದು ಮುಂಜಾನೆ ಕೂಸು ಮೊಲೆ ಹಿಡಿಯಲಿಲ್ಲ. ಅಪ್ಪ ಔಷಧ ತರಲು ರಾಯಚೂರಿಗೆ ಹೋಗಿದ್ದ. ಕೂಸಿನ ಅಂಗಾಲು ತಣ್ಣಗಾಗಿತ್ತು, ತುಟಿಯ ಬಣ್ಣ ತಿರುಗಿತ್ತು. ಅವ್ವ ಬರೆ ಹಾಕುವವನನ್ನು ಕರೆಸಲು ಆಳು ಕಳಿಸಿದಳು. ಆತ ಬರುವ ಮೊದಲು ನಾನು ಕೂಸನ್ನು ಎತ್ತಿಕೊಂಡು, ಬೀಗ ಬಿದ್ದ ಹಿತ್ತಲ ಬಾಗಿಲು ಬಿಟ್ಟು ಸುತ್ತುಹಾಕಿ ಮುಂದಿನ ಪಡಸಾಲೆಗೆ ಹೋದೆ. ಬಿಲ್ಲೆ ಇಸಿದುಕೊಂಡು ಕೂತೆ. ಸುತ್ತಲೂ ಅಳು. ನನ್ನ ಮಡಿಲಲ್ಲಿ ಮಾತ್ರ ಏನೂ ಇಲ್ಲ. ಹಿಂದೆ ಬಂದ ಅವ್ವ, "ಚಿವುಟು," ಎಂದಳು ಮೆಲ್ಲಗೆ. "ಅಳಸು ಅದನ್ನ. ಪರದೆ ಹಿಂದ ಆಕಿ ಅದಾಳ."

ನಾನು ಎದ್ದು ನಿಂತು ಪರದೆಯ ಕಡೆ ಕೂಗಿದೆ. "ಹುಸೇನಬೀ ಅಮ್ಮಾ, ಹೊರಗ ಬಾ. ನನ್ನ ಕೂಸು ಸುಮ್ಮನಾಗೈತಿ."

ಪರದೆ ಸರಿಯಿತು. ಹುಸೇನಬೀ ಒದ್ದೆ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡೇ ನೇರ ನನ್ನ ಕಡೆ ಬಂದಳು. ಹೆಂಗಸರು ತಮ್ಮ ಕೂಸುಗಳನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬಿಲ್ಲೆಯ ಆಳು ಏನೋ ಅನ್ನುವಷ್ಟರಲ್ಲಿ ಆಕೆ ನನ್ನ ಮಗನನ್ನು ಒಳಗೆ ಒಯ್ದಾಗಿತ್ತು.

ಸಾವಕಾರರ ಹಿಂಜಿದ ಹತ್ತಿಯಲ್ಲಿ ಅವನನ್ನು ಮೂಗಷ್ಟೇ ಕಾಣುವಂತೆ ಸುತ್ತಿದರು. ಎರಡೂ ಬದಿಗೆ ಬಿಸಿನೀರಿನ ಸೀಸೆ ಇಟ್ಟರು. ಡಾಕ್ಟರ್ ಸಾಹೇಬರು ನನ್ನ ಹಾಲನ್ನೇ ಹಿಂಡಿಸಿ ಹನಿ ಹನಿಯಾಗಿ ಬಾಯಿಗೆ ಬಿಟ್ಟರು. ಹುಸೇನಬೀ ಅವನ ಎದೆಯ ಮೇಲಿಂದ ಕೈ ತೆಗೆಯಲೇ ಇಲ್ಲ. ಮಧ್ಯಾಹ್ನ ಅವನು ಅತ್ತ. ಆಕೆ ನಕ್ಕು, "ಒದರು ಬೇಟಾ, ಇನ್ನೂ ಜೋರ ಒದರು," ಎಂದಳು. ಆಗಲೇ ಹೊರಗಿನಿಂದ ಇನ್ನೊಂದು ಅಳು ಕೇಳಿತು. ಅದು ಕೂಸಿನದಲ್ಲ.

ಮಸ್ಕಿಯ ದುರುಗವ್ವ ಎಂಬಾಕೆ. ನಸುಕಿನಲ್ಲೇ ಗಾಡಿಯಲ್ಲಿ ಬಂದಿದ್ದಳು. ಅವಳ ಬಿಲ್ಲೆ ನನ್ನದಕ್ಕಿಂತ ಮೊದಲಿನದು. ಅವಳದೂ ಸಣ್ಣ ಕೂಸು, ಅದೂ ಸುಮ್ಮನಿತ್ತು. ಹುಸೇನಬೀ ಹೊರಗೆ ಬಂದದ್ದನ್ನು ಕಂಡು ಅವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಂಬದ ಹಿಂದೆ ಸರಿದಿದ್ದಳು. ಬಿಲ್ಲೆ ಕರೆದಾಗಲೂ ಏಳಲಿಲ್ಲ. ಸೆರಗು ತೆಗೆದಾಗ ಎಲ್ಲ ಮುಗಿದಿತ್ತು.

ಹುಸೇನಬೀ ಕಂಪೌಂಡರ ಮೊಮ್ಮಗನಿಗೆ ಮಸ್ಕಿಯ ಕೂಸಿನ ಆಯುಷ್ಯ ಹಾಕಿದಳು ಎಂದು ಊರು ಮಾತಾಡಿತು. ನನ್ನ ಮಗ ಉಳಿದದ್ದು ಆಕೆಯ ಕೈಯ ಗುಣಕ್ಕೆ ಸಾಕ್ಷಿಯಾಗಲಿಲ್ಲ. ಕೆಲಸ ಬಿಡೆಂದು ಮುನೀಮ ಹೇಳಲು ಬಂದಾಗ ಹುಸೇನಬೀ ಆಗಲೇ ಗಂಟು ಕಟ್ಟಿ ಕೂತಿದ್ದಳು. ಸಿಂಧನೂರಿನಲ್ಲಿದ್ದ ಮಗಳ ಮನೆಗೆ ಹೋದಳು.

ಆಕೆಯನ್ನು ನಾನು ಕಡೆಯ ಸಲ ನೋಡಿದ್ದು ಅಲ್ಲಿಯೇ. ಮಗನಿಗೆ ಮೂರು ತುಂಬಿತ್ತು. ತವರಿಗೆ ಹೊರಡುವ ದಿನ ಅವನನ್ನು ಕರೆದುಕೊಂಡು ಹೋದೆ. ಹುಸೇನಬೀ ಕೌದಿ ಹೊಲಿಯುತ್ತಿದ್ದಳು. ಸೊರಗಿದ್ದಳು. ಹುಡುಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಹತ್ತಿರ ಕರೆಯಲಿಲ್ಲ. ಬೆಲ್ಲದ ಚೂರನ್ನು ಅವನ ಕೈಗೆ ಕೊಡದೆ ನೆಲದ ಮೇಲಿಟ್ಟು ನನ್ನ ಕಡೆ ಸರಿಸಿದಳು.

"ನೀನೂ ಅವರಂಗ ನಂಬಿದೇನು?" ಎಂದೆ.

"ಕೈಯಾಗ ಏನೈತವ್ವ. ಕೈ ಅಂದ್ರ ಕೈ," ಎಂದಳು. "ಅವತ್ತ ನಾ ಸಾಲು ಪೂರಾ ನಡೀಲಿಲ್ಲ, ಅದೈತಿ ನೋಡು. ನಿನ್ನ ದನಿ ಗುರ್ತ ಹಿಡದು ಸೀದಾ ನಿನ್ನ ಕಡೆ ಬಂದೆ. ಕಂಬದ ಹಿಂದ ಆಕಿ ಕುಂತಿದ್ಲು."

"ನಾ ಕರೀದಿದ್ರ?"

"ನೀ ಕರೀದಿದ್ರ ನಾ ಹೊರಗ ಬರತಿದ್ದಿಲ್ಲ. ಸರತಿ ಬರೋದರಾಗ ಎರಡೂ ಹೋಗತಿದ್ವು. ಅದನ್ನೂ ಲೆಕ್ಕ ಹಾಕೀನಿ. ಲೆಕ್ಕ ಹಾಕಿದ್ರ ನಿದ್ದಿ ಬರಂಗಿಲ್ಲ." ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, "ಹೊತ್ತು ಮುಳುಗೋದರಾಗ ಊರು ಸೇರ್ರಿ," ಎಂದಳು.

ಆ ವರ್ಷದ ಮೊಹರಂ ಹೊತ್ತಿಗೆ ಹುಸೇನಬೀ ತೀರಿಕೊಂಡಿದ್ದಳು. ಯಾರೋ ಸಂತೆಯಲ್ಲಿ ಅಪ್ಪನಿಗೆ ಹೇಳಿದರು.

ಆಕೆಯನ್ನು ನೋಡಿ ಅವತ್ತು ಲಿಂಗಸುಗೂರಿಗೆ ಹೋಗುವಾಗ ಎತ್ತುಗಳಿಗೆ ನೀರು ಕುಡಿಸಲು ಗಾಡಿ ಮಸ್ಕಿಯಲ್ಲಿ ನಿಂತಿತು. ಬಾವಿಯ ಹತ್ತಿರ ಹೆಂಗಸರಿದ್ದರು. ದುರುಗವ್ವನ ಮುಖ ನನಗೆ ನೆನಪಿರಲಿಲ್ಲ. ಕಂಬದ ಹಿಂದೆ ಕೂತ ಅವಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಅವಳ ಕೂಸು ಉಳಿದಿದ್ದರೆ ಅದಕ್ಕೂ ಈಗ ಮೂರು ತುಂಬಿರುತ್ತಿತ್ತು. ಒಬ್ಬಾಕೆ ಕೊಡ ಕೆಳಗಿಟ್ಟು ಗಾಡಿಯ ಹತ್ತಿರ ಬಂದು ಮಗನನ್ನೇ ನೋಡುತ್ತ ನಿಂತಳು.

"ಚೆಂದ ಅದಾನವ್ವ. ಎಷ್ಟು ವರ್ಸದಂವ?"

ಅವನು ಹುಟ್ಟಿದ ತಿಥಿ, ತಾರೀಖು, ಗಳಿಗೆ ಎಲ್ಲವನ್ನೂ ನಾನು ಬರೆದಿಟ್ಟಿದ್ದೇನೆ. ಸೆರಗು ಎಳೆದು ಅವನ ಮುಖಕ್ಕೆ ಮರೆ ಮಾಡಿ, ಒಂದು ವರ್ಷ ಕಡಿಮೆ ಹೇಳಿದೆ.