ನನ್ನ ಲಗ್ನ ಮತ್ತು ಒಂದು ಮುದಿ ಸಬ್‌ಮರೀನ್

ನನ್ನನ್ನು ನೋಡಲು ಬರುವ ವರ ಯುದ್ಧದಲ್ಲಿ ಸಬ್‌ಮರೀನಿನೊಳಗಿದ್ದು ವೈರಿಗಳ ಹಡಗು ಮುಳುಗಿಸಿದವನು ಎಂಬ ಸುದ್ದಿ ಬನಹಟ್ಟಿಯಿಂದ ನಮ್ಮ ರಬಕವಿಗೆ ಅವನಿಗಿಂತ ಎಂಟು ದಿನ ಮೊದಲೇ ಬಂದು ಮುಟ್ಟಿತ್ತು. ಹಬ್ಬಿಸಿದವರು ವರನ ಅಣ್ಣ. ಎರಡನೆಯ ಮಹಾಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದೆವು. ಆದರೂ ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ.

ನನಗೆ ಹತ್ತೊಂಬತ್ತು. ಮೊದಲು ನೋಡಿ, ಅವಲಕ್ಕಿ ತಿಂದು ಹೋದ ಇಬ್ಬರು ಉತ್ತರ ಕಳಿಸಿರಲಿಲ್ಲ. ಈ ಸಲವೂ ತಪ್ಪಿದರೆ ಜಮಖಂಡಿಯ ಒಬ್ಬ ವಿಧುರನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವನಿಗೆ ನನ್ನಷ್ಟೇ ವಯಸ್ಸಿನ ಮಗಳಿದ್ದಳು. ಅವನ ಹೆಸರು ತೆಗೆದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ನಮ್ಮದು ನೇಕಾರರ ಮನೆ; ವರನ ಕಡೆಯವರು ಮಗ್ಗಗಳ ಪಕ್ಕದಲ್ಲೇ ಹಾಸಿದ ಜಮಖಾನೆಯ ಮೇಲೆ ಕುಳಿತರು. ನನ್ನ ಸೋದರಮಾವ ತಡೆಯಲಾರದೆ ಕೇಳಿಯೇಬಿಟ್ಟ.

"ಎಷ್ಟು ಹಡಗ ಮುಳುಗಿಸಿದ್ರಿ?"

"ಒಂದೂ ಇಲ್ಲರಿ," ಎಂದ ವರ. "ನಾ ಸಬ್‌ಮರೀನಿನೊಳಗ ಇರಲೇ ಇಲ್ಲ. ಅದನ್ನ ಹುಡುಕೋ ಹಡಗಿನ್ಯಾಗ ಇದ್ದೆ."

ಅವನ ಅಣ್ಣನಿಗೆ ಕೆಮ್ಮು ಬಂತು.

"ವೈರಿಗಳವು ಎಷ್ಟು ಸಿಕ್ಕವು ಮತ್ತ?" ಎಂದ ಮಾವ.

"ಅದೂ ಇಲ್ಲರಿ. ಹುಡುಕತಿದ್ದದ್ದು ನಮ್ಮದ ಒಂದು ಸಬ್‌ಮರೀನ್. ಹಳೇದು, ಸಣ್ಣದು. ದೂರ ಸಮುದ್ರಕ್ಕ ಕಳಸೋಹಂಗ ಇರಲಿಲ್ಲ. ನಮಗ ಹುಡುಕೋದು ಕಲಸಾಕಂತ ಸಮುದ್ರದ ದಂಡಿ ಹತ್ರ ದಿನಾ ಮುಳುಗತಿತ್ತು. ನಾವು ಕಿವಿಗೆ ಯಂತ್ರ ಹಾಕ್ಕೊಂಡು ಸಪ್ಪಳದ ಮ್ಯಾಲ ಹುಡುಕಬೇಕು. ಹಂಗ ಕಲತವರನ್ನ ಖರೇ ಲಡಾಯಿಗೆ ಕಳಸತಿದ್ರು. ನನ್ನನ್ನ ಕಲಸಾಕ ಅಲ್ಲೇ ಇಟಗೊಂಡ್ರು."

"ಅಂದರ ಲಡಾಯಿ ಮುಗಿಯೂತನಕ ಕಣ್ಣಾಮುಚ್ಚಾಲೆ ಆಡಿ ಬಂದ್ರಿ ಅನ್ರಿ," ಎಂದ ಮಾವ. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಸುಳ್ಳು ಹೇಳಿ ಹೆಣ್ಣು ಕೇಳಲು ಬಂದ ಮನೆತನ ಎಂದು ಅವರ ಮುಖ ಬಿಗಿದಿತ್ತು. ಇನ್ನೊಂದು ಗಳಿಗೆಯಲ್ಲಿ ಎದ್ದು ಕೈಮುಗಿದು ಕಳಿಸುತ್ತಾರೆ ಎಂದು ನನಗೆ ಗೊತ್ತಾಯಿತು.

ನೋಡಿಸಿಕೊಳ್ಳುವ ಹುಡುಗಿ ಮಾತಾಡಬಾರದು. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತವಳು ಕೇಳಿದೆ:

"ಅದರೊಳಗ ಇದ್ದವರಿಗೆ ಅಂಜಿಕಿ ಆಗತಿರಲಿಲ್ಲೇನ್ರಿ?"

ಹಿಂದಿನಿಂದ ಅವ್ವ ಚಿವುಟಿದಳು. ಅವನು ನನ್ನ ಕಡೆ ತಿರುಗಿದ.

"ಆಗತಿತ್ತರಿ. ಒಂದಿನ ಮುಳುಗಿದ್ದು ಮ್ಯಾಲ ಬರಲಿಲ್ಲ. ಸಪ್ಪಳನೂ ನಿಂತುಬಿಟ್ತು. ನನ್ನ ಪಾಳಿ ಮುಗಿದಿತ್ತು, ಏಳು ಅಂದ್ರು. ಏಳಾಕ ಆಗಲಿಲ್ಲ. ಹೊತ್ತು ಮುಳುಗೂ ಹೊತ್ತಿಗೆ ಬಂತರಿ ಮ್ಯಾಲ. ತಳದ ಕೆಸರು ರಾಡ್ಯಾಗ ಸಿಕ್ಕೊಂಡಿತ್ತಂತ."

"ನೀವ ಉಳಿಸಿದ್ರೇನು?" ಮಾವನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

"ನಾ ಏನೂ ಮಾಡಲಿಲ್ಲರಿ. ಕೇಳಕೋತ ಕೂತಿದ್ದೆ, ಅಷ್ಟ."

ಅಪ್ಪ ಮೂಲೆಯ ಮಗ್ಗದ ಕಡೆ ನೋಡಿದರು. ನಮ್ಮ ಮನೆಯ ಮಕ್ಕಳೆಲ್ಲ ನೇಯಲು ಕಲಿತದ್ದು ಆ ಮುದಿ ಮಗ್ಗದ ಮೇಲೆ. ಮಾರುವಂಥ ಸೀರೆ ಅದರಿಂದ ಎಂದೂ ಇಳಿದಿರಲಿಲ್ಲ. ಒಡೆದು ಒಲೆಗೆ ಹಾಕೋಣ ಎಂದು ಅವ್ವ ವರ್ಷಕ್ಕೊಮ್ಮೆ ಅನ್ನುತ್ತಿದ್ದಳು, ಅಪ್ಪ ವರ್ಷಕ್ಕೊಮ್ಮೆ ಬೈಯುತ್ತಿದ್ದರು.

"ನಿಮ್ಮ ಅಣ್ಣನ ಮಾತಿಗೆ ನಾ ಹೆಣ್ಣು ಕೊಡತಿರಲಿಲ್ಲ," ಎಂದರು ಅಪ್ಪ. "ನಿಮ್ಮ ಮಾತಿಗೆ ಕೊಡತೇನಿ."

ನಾನು ಚಹಾದ ತಾಟು ಮೊದಲು ವರನ ಮುಂದೆಯೇ ಹಿಡಿದೆ, ಅವನ ಅಣ್ಣನಿಗೆ ಕೊನೆಗೆ.

ಲಗ್ನವಾದ ಮೇಲೆ ಬನಹಟ್ಟಿಯ ಮನೆಯಲ್ಲಿ ನಾನು ಒಳಗೆ ನೇಯುತ್ತಿದ್ದೆ, ನನ್ನವರು ಅಂಗಳದಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದರು. ಎಳೆ ಹರಿದು ನಾನು ಲಾಳಿ ನಿಲ್ಲಿಸಿ ಮಗ್ಗದ ಸಪ್ಪಳ ನಿಂತರೆ ಸಾಕು, ಒದ್ದೆ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದರು. "ಯಾಕ ನಿಂತಿತು?" ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ನನಗೆ ರೇಗತೊಡಗಿತು. ನಿಂತು ಒಂದು ಗುಟುಕು ನೀರು ಕುಡಿಯಲೂ ಬಿಡದ ಗಂಡ ಎಂದು ನೆರೆಯವರು ನಗುತ್ತಿದ್ದರು. ಒಂದು ದಿನ ಅಂದೇಬಿಟ್ಟೆ:

"ಇಲ್ಲೇ ಅದೀನ್ರಿ. ನಾ ಏನ ಮುಳುಗಿಲ್ಲ."

ಅವರು ನಗಲಿಲ್ಲ. ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಕೈಯ ಗಂಜಿ ಒಣಗುವ ತನಕ ಏಳಲೇ ಇಲ್ಲ. ನನಗೆ ನನ್ನ ನಾಲಿಗೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ಮತ್ತೆ ನೇಯಲಾಗಲಿಲ್ಲ.

ಮರುದಿನದಿಂದ ಮಗ್ಗ ನಿಲ್ಲಿಸುವ ಮುಂಚೆ ಕೂಗಿ ಹೇಳುವುದು ರೂಢಿಯಾಯಿತು: "ಎಳಿ ಹರಿದೈತ್ರಿ, ನಿಲ್ಲಸಾಕತ್ತೇನಿ." ಅಂಗಳದಿಂದ "ಹೂಂ" ಎಂದು ಬಂದ ಮೇಲೆಯೇ ಮಗ್ಗದಿಂದ ಕೈ ತೆಗೆಯುತ್ತಿದ್ದೆ.