ಎರಡು ಸಹಿಯ ಖಾತೆ

ಕಳೆದ ಗುರುವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ, ಕೊಟ್ಟಿಗೆಹಾರದ ಕಡೆಯ ಒಂದು ಬ್ಯಾಂಕು. ಹಾಜರಿದ್ದವರು: ಮ್ಯಾನೇಜರು, ನಾನು, ನನ್ನ ಅಣ್ಣನ ಇಬ್ಬರು ಸೊಸೆಯರಾದ ಸಾವಿತ್ರಿ ಮತ್ತು ಪದ್ಮ. ಮ್ಯಾನೇಜರ ಎದುರು ಮೂರು ಕುರ್ಚಿ. ನಡುವಿನದು ನನಗೆ. (ಬೇರೆ ದಾರಿಯಿರಲಿಲ್ಲ. ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿವೆ.)

ಕಾರಣ ಕೇಳಿದರೆ ನಗುತ್ತೀರಿ. ಮನೆ ಪಾಲಾದಾಗ ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಎಂಬ ಮಾತಿನಲ್ಲಿ ಶುರುವಾದ ಜಗಳ. ಹಂಡೆ ತೂತು ಬಿದ್ದು ಗುಜರಿಗೆ ಹೋಯಿತು. ಜಗಳ ಮಾತ್ರ ಇನ್ನೂ ಗಟ್ಟಿಯಾಗಿದೆ.

ಆದರೂ ಇಬ್ಬರ ಹೆಸರಿನಲ್ಲಿ ಒಂದೇ ಬ್ಯಾಂಕ್ ಖಾತೆ. ಅದು ಅವರ ಅತ್ತೆ, ಅಂದರೆ ನನ್ನ ಅತ್ತಿಗೆ, ಮಾಡಿದ ಏರ್ಪಾಡು. ಕಾಫಿ ತೋಟ ಎರಡಾದಾಗ ಗಡಿಯ ಸಾಲಿನ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕಾಳುಮೆಣಸು ಯಾರ ಪಾಲಿಗೂ ಸೇರಲಿಲ್ಲ. "ಅದು ಗಂಡಸರಿಗೆ ಬೇಡ, ಸೊಸೆಯರಿಗಿರಲಿ" ಎಂದರು ಅತ್ತಿಗೆ. ಅವರು ತೀರಿಕೊಂಡರು. ಮೆಣಸು ಬರುತ್ತಲೇ ಇದೆ, ಮಾರಿದ ದುಡ್ಡು ಖಾತೆಗೆ ಹೋಗುತ್ತಲೇ ಇದೆ. ಯಾರಾದರೂ ಒಬ್ಬರು ಸಹಿ ಹಾಕಿದರೆ ತೆಗೆಯಬಹುದು. ಇಷ್ಟು ವರ್ಷದಲ್ಲಿ ಒಬ್ಬಳೂ ತನ್ನ ಅರ್ಧ ಮೀರಿ ಮುಟ್ಟಿಲ್ಲ.

ತೊಂದರೆ ಬಂದದ್ದು ಜೀಪಿನಿಂದ. ಕಾಫಿ ಬೆಲೆ ಬಿದ್ದ ಮೇಲೆ ಸಾವಿತ್ರಿಯ ಗಂಡ ಬಾಡಿಗೆಗೆ ಓಡಿಸೋಣವೆಂದು ಸಾಲದಲ್ಲಿ ಜೀಪು ತೆಗೆದ. ಜಾಮೀನು ಸಹಿ ಹೆಂಡತಿಯದು. ಕಂತು ನಿಂತಿತು. ಫೈನಾನ್ಸಿನವರು ಜೀಪನ್ನು ಎಳೆದುಕೊಂಡು ಹೋಗಿ ಮಾರಿದರು. ಅದೂ ಸಾಲದೆ, ಉಳಿದ ಬಾಕಿಗಾಗಿ ಈಗ ಅವರ ಕಡೆಯ ಇಬ್ಬರು ಬೈಕಿನಲ್ಲಿ ಬರುತ್ತಾರೆ. ಅವರಿಗೆ ಈ ಖಾತೆಯ ಸುದ್ದಿ ಹೇಗೋ ಸಿಕ್ಕಿದೆ.

"ಒಂದು ಸೈನ್ ಹಾಕಿ ತೆಗೆದುಕೊಡಿ ಅಮ್ಮ. ಇಲ್ಲಾಂದ್ರೆ ಕೋರ್ಟಿಂದ ಖಾತೆ ಜಪ್ತಿ ಮಾಡಿಸ್ತೀವಿ."

ಆ ಖಾತೆಯಲ್ಲಿ ಸಾವಿತ್ರಿಯ ಪಾಲು ಎಂದರೆ ಅವಳ ಮಗಳ ನರ್ಸಿಂಗ್ ಕಾಲೇಜಿನ ಫೀಸು. ಈ ವರ್ಷದ್ದು, ಮುಂದಿನ ವರ್ಷದ್ದು. ಅದು ಹೋದರೆ ಹುಡುಗಿ ಓದು ಬಿಟ್ಟು ಮನೆಗೆ ಬರಬೇಕು. ಸಾಲ ತೀರಿಸಬಾರದು ಎನ್ನುವವಳಲ್ಲ ನಾನು. ತಿಂಗಳು ತಿಂಗಳು ಕಟ್ಟುತ್ತೇನೆಂದು ಅವಳ ಗಂಡ ಒಪ್ಪಿದ್ದಾನೆ. ಆದರೆ ಅವನಿಲ್ಲದ ಹೊತ್ತು ನೋಡಿ ಬಂದು, ಬಾಗಿಲಲ್ಲಿ ನಿಂತು ಹೆಂಗಸನ್ನು ಹೆದರಿಸುವುದು ಯಾವ ಸೀಮೆಯ ವಸೂಲಿ?

ಅವರು ಪದ್ಮನ ಮನೆಗೂ ಹೋದರು. ಜಗಳದ ಸುದ್ದಿಯೂ ಸಿಕ್ಕಿರಬೇಕು.

"ನಿಮಗೂ ಅವ್ರಿಗೂ ಮಾತಿಲ್ವಂತೆ. ಖಾತೇಲಿ ಎಷ್ಟಿದೆ ಅಂತ ಹೇಳಿಬಿಡಿ."

"ಮಾತಿಲ್ದಿರೋದು ನಮ್ಮನೆ ವಿಷಯ. ಕಾಫಿ ಕುಡ್ದು ಹೊರಡಿ" ಎಂದಳಂತೆ ಪದ್ಮ.

ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವಳು. ಸೋಂಕು ಕಂಡರೆ ಮೊದಲು ಪಕ್ಕದ ಹಾಸಿಗೆಯನ್ನು ದೂರ ಸರಿಸುವುದು ನಮ್ಮ ಪದ್ಧತಿ. ಪದ್ಮನಿಗೂ ಅದೇ ಸಲಹೆ ಕೊಟ್ಟೆ: ನಿನ್ನ ಅರ್ಧ ತೆಗೆದು ಬೇರೆ ಖಾತೆಯಲ್ಲಿಡು, ಅಷ್ಟಾದರೂ ಉಳಿಯಲಿ. ನೀವಾದರೂ ಅದನ್ನೇ ಹೇಳುತ್ತಿರಲಿಲ್ಲವೇ?

ಅವಳು ಒಪ್ಪಲಿಲ್ಲ. "ಬ್ಯಾಂಕಿಗೆ ಹೋಗುವ. ಅವಳನ್ನೂ ಕರೀರಿ" ಎಂದಳು. ಹಾಗೆ ಸೇರಿದ್ದು ಗುರುವಾರದ ನಮ್ಮ ಸಭೆ.

ಮ್ಯಾನೇಜರು ನಿಧಾನದ ಮನುಷ್ಯ. "ಒಬ್ಬರ ಸಾಲಕ್ಕೆ ಅಂತ ಇಬ್ಬರ ಖಾತೆಗೆ ಅಷ್ಟು ಸುಲಭಕ್ಕೆ ಕೈ ಹಾಕೋಕಾಗಲ್ಲಮ್ಮ. ಆದ್ರೆ ಇವ್ರೇ ಹೆದರಿ ಸಹಿ ಹಾಕಿ ತೆಗೆದುಕೊಟ್ರೆ ನಾನೇನು ಮಾಡ್ಲಿ? ಒಬ್ಬರ ಸಹಿ ಸಾಕು ಅಂತ ನೀವೇ ಬರ್ಕೊಟ್ಟಿದ್ದೀರಿ."

"ಇಬ್ರೂ ಹಾಕ್ಲೇಬೇಕು ಅಂತ ಬದಲಾಯಿಸ್ಬಹುದಾ?" ಪದ್ಮ ಕೇಳಿದಳು.

"ಬದಲಾಯಿಸ್ಬಹುದು. ಆಮೇಲೆ ನಿಮ್ಮ ದುಡ್ಡನ್ನೂ ನೀವೊಬ್ರೇ ತೆಗೆಯೋಕಾಗಲ್ಲ. ಪ್ರತಿ ಸಲ ಇವ್ರೂ ಬೇಕು."

"ಗೊತ್ತು."

ನಾನು ಬಾಯಿ ಹಾಕಿದೆ. "ನಿನ್ನ ಅರ್ಧ ತಗೊಂಡು ಸುಮ್ನಿರ್ಬಾರ್ದಾ ಮಾರಾಯ್ತಿ?"

"ನಾನು ತಗೊಂಡು ಹೊರಗೆ ಹೋದ್ರೆ ಉಳಿದಿದ್ದು ಅವಳೊಬ್ಬಳದ್ದಾಗ್ತದೆ ಅತ್ತೆ. ಆಗ ಜಪ್ತಿ ಮಾಡೋಕೆ ಎಷ್ಟು ಹೊತ್ತು? ನನ್ನ ದುಡ್ಡೂ ಅಲ್ಲೇ ಇರ್ಲಿ. ಇನ್ನು ಅವ್ರು ಬಂದ್ರೆ, ಎರಡನೇ ಸಹಿ ಪಕ್ಕದ ಮನೇಲಿದೆ ಅಂತ ನನ್ನ ಬಾಗ್ಲಿಗೆ ಕಳಿಸೋಕೆ ಹೇಳಿ ಅವಳಿಗೆ."

'ಅವಳು' ಕೂತದ್ದು ನನ್ನ ಎಡಗಡೆಗೆ. ಎಲ್ಲವೂ ಕೇಳಿಸಿತ್ತು. ಆದರೂ ಹೇಳಿದೆ.

ಸಾವಿತ್ರಿ ಸೆರಗಿನ ಅಂಚು ಹಿಂಡುತ್ತಾ ನನ್ನ ಕಡೆ ತಿರುಗಿದಳು. "ಅವಳ ದುಡ್ಡಿಗೆ ಕುತ್ತು ಬಂದ್ರೆ ಆಮೇಲೆ ನನ್ನನ್ನ ಬೈಬಾರ್ದು ಅಂತ ಹೇಳಿ ಅತ್ತೆ."

"ಬೈದೇ ಬೈತೀನಿ ಅಂತ ಹೇಳಿ" ಎಂದಳು ಪದ್ಮ.

ಮ್ಯಾನೇಜರು ಫಾರಂ ಹುಡುಕುವ ನೆಪದಲ್ಲಿ ಡ್ರಾಯರಿನೊಳಗೆ ಮುಖ ಹಾಕಿ ನಕ್ಕರು.

ನನಗೆ ನಗು ಬರಲಿಲ್ಲ. ತಮ್ಮ ಅಣ್ಣನಿಗೇ ರಕ್ತ ಬೇಕೆಂದಾಗ ಮೆಲ್ಲಗೆ ಮೆಟ್ಟಿಲಿಳಿದು ಹೋದ ತಮ್ಮಂದಿರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಅವರೆಲ್ಲ ಬಾಯ್ತುಂಬ ಮಾತಾಡುತ್ತಿದ್ದವರೇ. ಇಲ್ಲಿ ಒಬ್ಬಳು, ಮುಖ ಕೊಟ್ಟು ಮಾತಾಡದವಳ ಮಗಳ ಓದಿಗಾಗಿ, ತನ್ನ ದುಡ್ಡಿಗೆ ತಾನೇ ಬೀಗ ಹಾಕಿಕೊಂಡು ಬೀಗದ ಕೈಯನ್ನು ಅವಳ ಜೊತೆ ಹಂಚಿಕೊಳ್ಳುತ್ತಿದ್ದಾಳೆ. ಯಾರೂ ಬೇಡಿಕೊಂಡಿಲ್ಲ. ಥ್ಯಾಂಕ್ಸ್ ಬರುವ ನಿರೀಕ್ಷೆಯೂ ಇಲ್ಲ. ಪದ್ಮ ಸಹಿ ಹಾಕಿ ಪೆನ್ನನ್ನು ನನಗೆ ಕೊಟ್ಟಳು, ನಾನು ಸಾವಿತ್ರಿಗೆ ದಾಟಿಸಿದೆ. ಅವಳೂ ಸಹಿ ಹಾಕಿದಳು.

ಹೊಸ ನಿಯಮದ ಮೊದಲ ಸಹಿಗಳೂ ಅಲ್ಲೇ ಬಿದ್ದವು. ಈ ವರ್ಷದ ಫೀಸಿಗೆ ಇಬ್ಬರೂ ಸೇರಿ ಕಾಲೇಜಿನ ಹೆಸರಿಗೆ ಡಿ.ಡಿ. ಮಾಡಿಸಿದರು. ಮುಂದಿನ ವರ್ಷದ್ದು ಪದ್ಮನ ದುಡ್ಡಿನ ಜೊತೆಗೆ ಖಾತೆಯಲ್ಲೇ ಉಳಿಯಿತು. ಅಂಚೆ ಕಚೇರಿಗೆ ಹೋಗಿ ಡಿ.ಡಿ.ಯನ್ನು ರಿಜಿಸ್ಟರ್ ಮಾಡಿ ಕಳಿಸಿದೆವು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಅಲ್ಲ, ದಿನಾ ಮಾತಾಡಿಸಿಕೊಂಡೇ ಇರುವ ನಮ್ಮ ನಿಮ್ಮ ನೆಂಟರಲ್ಲಿ ಇಷ್ಟು ಮಾಡುವವರು ಯಾರಿದ್ದಾರೆ, ಹೇಳಿ?