ವಿನೋದಿನಿ ಸಿಸ್ಟರ್ ಹೂಂ ಅನ್ನುವವರೆಗೆ

ಪರೇಲಿನ ಆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ಗಡಿಯಾರ ಉಂಟು, ನೋಡುವವರಿಲ್ಲ. ಮೊಣಕಾಲಿನ ಆಪರೇಷನ್ ನಡೆಯುವಾಗ ಎಲ್ಲರೂ ನೋಡುವುದು ವಿನೋದಿನಿ ಸಿಸ್ಟರ್ ಮುಖವನ್ನು. ಅವಳು ‘ಹೂಂ’ ಅಂದರೆ ಕೆಲಸ ಮುಂದೆ. ಅನ್ನಲಿಲ್ಲವೋ, ಅಷ್ಟು ದೊಡ್ಡ ಸರ್ಜನ್ ಅನಿಲ ಡಾಕ್ಟ್ರೂ ಸುಮ್ಮನೆ ನಿಲ್ಲಬೇಕು. ಕಾಪು ಕಡೆಯಿಂದ ನರ್ಸಿಂಗ್ ಕಲಿತು ಮುಂಬೈಗೆ ಬಂದ ಹೆಣ್ಣಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಎಂತ ಬೇಕು ಹೇಳಿ.

ಕತೆ ಇಷ್ಟೇ. ಸವೆದ ಮೊಣಕಾಲಿಗೆ ಲೋಹದ ತುಂಡು ಕೂರಿಸುವಾಗ ಅದು ಎಲುಬಿಗೆ ಹಿಡಿದು ನಿಲ್ಲಲಿಕ್ಕೆ ಬೋನ್ ಸಿಮೆಂಟ್ ಹಾಕುತ್ತಾರೆ. ಹೆಸರು ಸಿಮೆಂಟ್, ಜಾತಿ ಪ್ಲಾಸ್ಟಿಕ್. ಒಂದು ಪುಡಿ, ಮೂಗಿಗೆ ಹೊಡೆಯುವ ವಾಸನೆಯ ಒಂದು ದ್ರವ. ಎರಡನ್ನೂ ಕಲಸಿದರೆ ಮೊದಲು ದೋಸೆ ಹಿಟ್ಟು, ಆಮೇಲೆ ಚಪಾತಿ ಹಿಟ್ಟು, ಕೊನೆಗೆ ಕಲ್ಲು. ಬೇಗ ಕೊಟ್ಟರೆ ಹರಿದುಹೋಗುತ್ತದೆ, ತಡವಾದರೆ ಲೋಹ ಒಳಗೆ ಇಳಿಯುವುದೇ ಇಲ್ಲ. ಕಂಪೆನಿಯವರು ಲ್ಯಾಬಿನಲ್ಲಿ ಅದನ್ನು ಜಗ್ಗಿ, ಅದುಮಿ, ಒಡೆದು ನೋಡಿ ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ಪ್ಯಾಕೆಟಿನ ಮೇಲೆ ಅಚ್ಚು ಹಾಕಿರುತ್ತಾರೆ. ಅದು ಅವರ ಲ್ಯಾಬಿನ ಹವೆಗೆ ಸರಿ. ಇಲ್ಲಿ ಎಸಿ ಒಂದು ದಿನ ಹಿಮಾಲಯ, ಇನ್ನೊಂದು ದಿನ ದಾದರ್ ಸ್ಟೇಷನ್ನು. ಹಾಗಾಗಿ ವಿನೋದಿನಿ ಕಲಸಿದ್ದರಲ್ಲಿ ಒಂದು ಸಣ್ಣ ಉಂಡೆ ತೆಗೆದು ಬೆರಳಲ್ಲಿ ಹಿಚುಕುತ್ತಾ ನಿಲ್ಲುತ್ತಿದ್ದಳು. ಉಂಡೆ ಬಿಗಿಯುವುದು, ಬೆಚ್ಚಗಾಗುವುದು, ಎಲ್ಲ ಬೆರಳಿಗೇ ಗೊತ್ತಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳ ‘ಹೂಂ’ ಒಮ್ಮೆಯೂ ತಪ್ಪಿರಲಿಲ್ಲ.

ಹೋದ ಮಳೆಗಾಲದಲ್ಲಿ ದಹಿಸರದ ಮನೆಯಲ್ಲಿ ಗಂಡ ಅಣ್ಣು ಅವಳ ಕೈ ಹಿಡಿದು ಇದೆಂತ ಗುಳ್ಳೆ ಎಂದು ಕೇಳಿದ. ಒಲೆಯಿಂದ ಪಾತ್ರೆ ಇಳಿಸುವಾಗ ಬೆರಳು ಸುಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಬೊರಿವಲಿಯ ನರದ ಡಾಕ್ಟ್ರಲ್ಲಿಗೆ ಹೋದಳು. ಅವರು ಬೆರಳಿಗೆ ಸೂಜಿ ಚುಚ್ಚಿ ನೋಡಿದರು, ಕೆಲಸ ಎಂತದ್ದೆಂದು ವಿಚಾರಿಸಿದರು. ಆ ದ್ರವ ಗ್ಲೌಸನ್ನೂ ದಾಟಿ ಚರ್ಮಕ್ಕೆ ಇಳಿಯುತ್ತದೆ, ಬೆರಳ ತುದಿಯ ನರ ಅದರಿಂದಲೇ ಸತ್ತಿರಬೇಕು, ಸ್ಪರ್ಶ ಮರಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಆ ಕೆಲಸ ಬಿಡಿ ಎಂದರು. ಯಾವ ಕೆಲಸ ಅವಳಿಗೆ ಅಷ್ಟು ಹೆಸರು ಕೊಟ್ಟಿತ್ತೋ ಅದೇ ಅವಳ ಬೆರಳನ್ನು ತಿಂದುಹಾಕಿತ್ತು. ಯಾರ ಮೇಲೆ ಸಿಟ್ಟು ಮಾಡುವುದು?

ಬಿಡಬೇಕೆಂದು ಅವಳು ತೀರ್ಮಾನ ಮಾಡಿಯೂ ಆಗಿತ್ತು. ಅಷ್ಟರಲ್ಲಿ ಐತ ಬಂದ.

ಐತನೆಂದರೆ ಫೋರ್ಟ್ ಏರಿಯಾದಲ್ಲಿ ಅಣ್ಣು ಗಲ್ಲೆಯಲ್ಲಿ ಕೂರುವ ಉಡುಪಿ ಹೋಟೆಲಿನ ದೋಸೆಯವನು. ಪ್ರಾಯವೆಲ್ಲ ಕಾವಲಿಯ ಎದುರು ನಿಂತೇ ಕಳೆದವನು. ಬಲಮೊಣಕಾಲು ಪೂರಾ ಹೋಗಿತ್ತು. ಕಾಲು ಸರಿಯಾದರೆ ಕಾವಲಿ, ಇಲ್ಲದಿದ್ದರೆ ಎಂತದ್ದೂ ಇಲ್ಲ, ಬೇರೆ ಕೆಲಸ ಅವನಿಗೆ ಬರುವುದಿಲ್ಲ. ಪರೇಲಿನಲ್ಲೇ ಆಪರೇಷನ್ ಎಂದು ಅವನು ಹಟ ಹಿಡಿದದ್ದು ವಿನೋದಿನಿ ಅಲ್ಲಿದ್ದಾಳೆಂಬ ಒಂದೇ ಧೈರ್ಯದಲ್ಲಿ. ನಮ್ಮವರು ಯಾರಾದರೂ ಒಳಗಿದ್ದರೆ ಸಾಕು, ಡಾಕ್ಟ್ರು ಯಾರಾದರೇನು ಎಂಬುದು ನಮ್ಮ ಊರಿನವರ ಬುದ್ಧಿ. ಬೇರೆ ಆಸ್ಪತ್ರೆ ನೋಡಿ, ನನ್ನ ಕೈ ಈಗ ಮೊದಲಿನ ಹಾಗಿಲ್ಲ ಎಂದು ವಿನೋದಿನಿ ಬಾಯಿಬಿಟ್ಟು ಹೇಳಿದಳು. ಅವನು ನಕ್ಕ. ದೊಡ್ಡವರು ಹೀಗೇ ಹೇಳುವುದು ಅಂದುಕೊಂಡ, ಪುಣ್ಯಾತ್ಮ.

ಆಪರೇಷನ್ನಿನ ಬೆಳಿಗ್ಗೆ ಕೈ ತೊಳೆಯುವಲ್ಲಿ ಅನಿಲ ಡಾಕ್ಟ್ರಿಗೆ ಎಲ್ಲ ಹೇಳಿದಳು. ಇವತ್ತು ಸಿಮೆಂಟಿಗೆ ಲಾವಣ್ಯಾಳನ್ನು ನಿಲ್ಲಿಸಿ ಎಂದು ಬೇಡಿಕೊಂಡಳು. ಲಾವಣ್ಯಾ ಹೊಸ ನರ್ಸು, ತನ್ನ ಹೆಸರು ಕೇಳಿದ್ದೇ ಹೆದರಿ ಅವಳ ಕಣ್ಣಲ್ಲಿ ನೀರು. ಡಾಕ್ಟ್ರು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ತಮಾಷೆ ಮಾಡಿದರು. ಕೈ ಜೋಮು ಹಿಡಿಯುವುದು ಯಾರಿಗಿಲ್ಲ, ವಯಸ್ಸಾಯಿತು, ನಿಮ್ಮ ಮರಗಟ್ಟಿದ ಬೆರಳೂ ಉಳಿದವರದ್ದಕ್ಕಿಂತ ಲೇಸು, ಅದೂ ನಿಮ್ಮದೇ ಮನುಷ್ಯ, ಇವತ್ತೊಂದು ನಿಲ್ಲಿ, ಸೋಮವಾರ ನೋಡುವ ಎಂದರು. ಅವಳು ಗ್ಲೌಸ್ ಹಾಕಿಕೊಂಡಳು.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಐತನಿಗೆ ಎಚ್ಚರವಿತ್ತು. ಪರದೆಯ ಆಚೆಯಿಂದ ಅವನ ದನಿ ಬಂತು.

“ಅಕ್ಕ, ಇದ್ದೀರಲ್ಲ?”

“ಇದ್ದೇನೆ ಐತಣ್ಣ.”

ಪುಡಿಗೆ ದ್ರವ ಸುರಿದು ಕಲಸಿದಳು. ಉಂಡೆ ತೆಗೆದಳು, ಹಿಚುಕಿದಳು. ಎಂತದ್ದೂ ಇಲ್ಲ. ಬೆರಳ ನಡುವೆ ಉಂಡೆ ಉಂಟೆಂಬುದು ಕಣ್ಣಿಗೆ ಕಂಡದ್ದರಿಂದ ಗೊತ್ತು, ಅಷ್ಟೆ. ಹದ ಬಂದರೆ ಉಂಡೆ ಗ್ಲೌಸಿಗೆ ಅಂಟುವುದಿಲ್ಲ, ಅಂಟುವುದು ನಿಂತಿದೆಯೋ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ನಿಂತ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಡಾಕ್ಟ್ರು ಒಮ್ಮೆ ಮುಖ ನೋಡಿದರು. ಬೇಗ ಕೊಟ್ಟು ಹಾಳು ಮಾಡುವುದು ಬೇಡ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಅವಳು ಕಾದಳು. ಕೊನೆಗೆ ಹೂಂ ಎಂದಳು.

ತಡವಾಗಿತ್ತು. ಲೋಹ ಅರ್ಧ ಇಳಿದು ನಿಂತಿತು. ಡಾಕ್ಟ್ರು ಒತ್ತಿದರು, ಸುತ್ತಿಗೆಯಲ್ಲಿ ಬಡಿದರು, ಅದು ಕದಲಲಿಲ್ಲ. ಆಮೇಲೆ ಉಳಿ ತರಿಸಿದರು. ಗಟ್ಟಿಯಾದ ಸಿಮೆಂಟನ್ನು ಚೂರು ಚೂರಾಗಿ ಒಡೆದು ತೆಗೆಯುವಾಗ ಅದರ ಜೊತೆ ಎಲುಬೂ ಎದ್ದು ಬರುತ್ತಿತ್ತು. ಪರದೆಯ ಆಚೆ ಐತ ಆ ಸದ್ದು ಕೇಳುತ್ತಾ ಮಲಗಿದ್ದ. ಎಂತಾಯಿತೆಂದು ಕೇಳಲಿಲ್ಲ, ಅಕ್ಕ ಒಳಗಿದ್ದಳಲ್ಲ.

ಎರಡನೇ ಸಲದ ಸಿಮೆಂಟಿಗೆ ಡಾಕ್ಟ್ರು ತಮ್ಮದೇ ಬೆರಳಲ್ಲಿ ಉಂಡೆ ಹಿಡಿದರು. ದೊಡ್ಡ ಅಳತೆಯ ತುಂಡು ಹಾಕಿ ಹೇಗೋ ಮುಗಿಸಿದರು. ಹೊರಗೆ ಬಂದ ಮೇಲೆ, ಸಿಮೆಂಟೇ ಸರಿಯಿರಲಿಲ್ಲ, ಕಂಪೆನಿಗೆ ಹೇಳುತ್ತೇನೆ ಎಂದರು. ಸಿಮೆಂಟ್ ಸರಿಯಿತ್ತು, ನನ್ನ ಬೆರಳು ಸರಿಯಿರಲಿಲ್ಲ ಎಂದು ಅವಳು ಹೇಳಹೊರಟರೆ, ಅದನ್ನು ಇನ್ನೊಮ್ಮೆ ಎಲ್ಲಿಯೂ ಹೇಳಬೇಡಿ ಸಿಸ್ಟರ್ ಎಂದು ದನಿ ತಗ್ಗಿಸಿ ಗದರಿದರು. ಸೋಮವಾರದಿಂದ ಅವಳನ್ನು ಸ್ಟೋರಿಗೆ ಹಾಕಿದರು. ಹೇಳಿದಾಗ ಕೇಳುವವರಿರಲಿಲ್ಲ, ಈಗ ಹೇಳುವ ಹಾಗೂ ಇಲ್ಲ.

ಐತನ ಕಾಲು ಪೂರ್ತಿ ಮಡಚುವುದಿಲ್ಲ, ಭಾರ ಹಾಕಿ ನಿಂತರೆ ನಡುಗುತ್ತದೆ. ಹೋಟೆಲಿನಲ್ಲಿ ಕಾವಲಿಗೆ ಬೇರೆಯವನು ಬಂದಾಯಿತು. ಊರಿಗೆ ಹೊರಡುವ ಮುಂಚೆ ಐತ ಕೋಲೂರಿಕೊಂಡು ದಹಿಸರಕ್ಕೆ ಬಂದ, ಲಿಫ್ಟಿಲ್ಲದ ಬಿಲ್ಡಿಂಗಿನ ಮೆಟ್ಟಿಲು ಹತ್ತಿ. ವಿನೋದಿನಿಗೆ ತಡೆಯಲಿಕ್ಕೆ ಆಗಲಿಲ್ಲ. “ಐತಣ್ಣ, ನಿಮ್ಮ ಕಾಲು ಹಾಳಾದದ್ದು ನನ್ನಿಂದ,” ಎಂದಳು.

“ಬಿಡಿ ಅಕ್ಕ. ನೀವಿಲ್ಲದಿದ್ದರೆ ಕಾಲೇ ಇರುತ್ತಿರಲಿಲ್ಲ, ನನಗೆ ಗೊತ್ತುಂಟು,” ಎಂದು ಅವನು ಅವಳ ಬೆರಳುಗಳನ್ನು ಹಿಡಿದುಕೊಂಡ.

ಅವಳು ಅವನನ್ನು ನೋಡಲಾರದೆ ಮುಖ ಮಾತ್ರ ಕಿಟಕಿಯ ಕಡೆ ತಿರುಗಿಸಿ ಅತ್ತಳು. ಅತ್ತು ಮುಗಿದು ಈ ಕಡೆ ತಿರುಗಿದರೆ, ಐತ ಯಾವಾಗಲೋ ಕೈ ಬಿಟ್ಟು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದ. ಅವಳ ಎರಡೂ ಕೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದ್ದವು.